ನರದ ಕುಡಿ, ಅದು ನಿಂತ ಜಾಗ

ಕಳೆದ ಮಳೆಗಾಲದ ಒಂದು ಸಂಜೆ, ದ್ವಿತೀಯ ಪಿಯುಸಿಯ ಕೊನೆಯ ಪೀರಿಯಡ್ ಮುಗಿಸಿ ಹಾಜರಿ ಪುಸ್ತಕ ಮಡಚುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ಬಂದು ನಿಂತಳು. ಕಾಲೇಜಿಗೆ ಮೊಬೈಲ್ ತರಬಾರದೆಂಬ ನಿಯಮವನ್ನು ಇಬ್ಬರೂ ಸೇರಿ ಐದು ನಿಮಿಷ ಮರೆತೆವು. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಹಸಿರು, ಕೆಂಪು ಬಣ್ಣಗಳಲ್ಲಿ ಹೊಳೆಯುವ ಚಿತ್ರ: ಬೆಳೆಯುತ್ತಿರುವ ನರತಂತುವಿನ ತುದಿ. ನಡುವೆ ಹಸಿರು ದಂಟು, ದಂಟಿನ ಕೊನೆಯಲ್ಲಿ ಅಗಲವಾಗಿ ಹರಡಿಕೊಂಡ ಕೆಂಪು ಪೊರೆ, ಪೊರೆಯ ಅಂಚಿನಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡ ಸಣ್ಣ ಸಣ್ಣ ಎಳೆಗಳು. ನೋಡಲು ಬಲು ಸೊಗಸು. ಅವಳು ಕೇಳಿದ್ದು ಸೊಗಸಿನ ಬಗ್ಗೆ ಅಲ್ಲ. "ಸರ್, ಮಿದುಳಿನ ಒಳಗೂ ಇದು ಹೀಗೆಯೇ ಇರುತ್ತದೆಯೇ?" ಇಲ್ಲ ಎಂದೆ. "ಮತ್ತೆ ಹೇಗಿರುತ್ತದೆ?" ಎಂದಳು. ಅಷ್ಟರಲ್ಲಿ ಮಲ್ಲಂದೂರು ಕಡೆಯ ಬಸ್ಸಿಗೆ ಹೊತ್ತಾಗಿತ್ತು, ಓಡಿದಳು.

ನಮ್ಮ ಪಠ್ಯಪುಸ್ತಕದ ನರಕೋಶ ಬೆಳೆದೇ ಹುಟ್ಟಿದ ಪ್ರಾಣಿ. ಕೋಶಕಾಯ, ಅದರಿಂದ ಕವಲೊಡೆದ ಡೆಂಡ್ರೈಟ್‌ಗಳು, ಉದ್ದನೆಯ ಆಕ್ಸಾನ್, ಅದರ ಮೇಲೆ ಮಯಲಿನ್ ಹೊದಿಕೆ, ಕೊನೆಯಲ್ಲಿ ಗುಂಡಗಿನ ಗಂಟುಗಳು. ಭಾಗಗಳನ್ನು ಗುರುತಿಸಿದರೆ ಅಂಕ. ಮೌಲ್ಯಮಾಪನಕ್ಕೆ ಕುಳಿತಾಗ ಇದೇ ಚಿತ್ರ ಬೀದರ್‌ನಿಂದ ಚಾಮರಾಜನಗರದವರೆಗಿನ ಮಕ್ಕಳ ಕೈಯಲ್ಲಿ ಒಂದೇ ಸಮನೆ ಬರುತ್ತಿರುತ್ತದೆ. ಆ ಆಕ್ಸಾನ್ ಅಲ್ಲಿಯವರೆಗೆ ತಲುಪಿದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಪಠ್ಯಕ್ರಮದಲ್ಲಿಲ್ಲ. ಹುಡುಗಿಯ ಪ್ರಶ್ನೆ ನನ್ನನ್ನು ಕೊರೆಯತೊಡಗಿದ್ದಕ್ಕೆ ಬೇರೆ ಕಾರಣವೂ ಇದೆ. ಮೇಷ್ಟರ ಕೆಲಸಕ್ಕೆ ಬರುವ ಮುಂಚೆ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯಕನಾಗಿದ್ದೆ. ಇಲಿ ಮರಿಗಳ ಕಿರುಮಿದುಳಿನಲ್ಲಿ ಇದೇ ತುದಿಗಳನ್ನು ಹುಡುಕುವುದು ಅಲ್ಲಿನ ಕೆಲಸಗಳಲ್ಲೊಂದು. ಅಲ್ಲಿ ಕಂಡದ್ದಕ್ಕೂ ಮೊಬೈಲಿನ ಚಿತ್ರಕ್ಕೂ ಸಂಬಂಧವಿದೆ ಎಂದು ನಂಬಲು ಸ್ವಲ್ಪ ಧೈರ್ಯವೇ ಬೇಕು. ಹಾಗಂತ ಎರಡರಲ್ಲಿ ಯಾವುದೂ ಸುಳ್ಳಲ್ಲ.

ಯೋಚಿಸುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಈ ತುದಿಗೆ ತನ್ನದೇ ಎನ್ನುವ ಆಕಾರವಿಲ್ಲ. ಅದು ಆ ಗಳಿಗೆಯಲ್ಲಿ ಯಾವ ಜಾಗದಲ್ಲಿ ನಿಂತಿದೆಯೋ ಆ ಜಾಗದ ಆಕಾರ ಅದರದು. ಇದನ್ನು ಒಪ್ಪಿಕೊಂಡರೆ, ನೂರಮೂವತ್ತು ವರ್ಷಗಳಿಂದ ಜನ ಕಂಡ ಬಗೆಬಗೆಯ ಚಿತ್ರಗಳು ಒಂದಕ್ಕೊಂದು ಜಗಳವಾಡುವುದನ್ನು ನಿಲ್ಲಿಸುತ್ತವೆ.

ಸತ್ತದ್ದರಲ್ಲಿ ಚಲನೆ ಕಂಡವರು

ತುದಿಗೆ ಹೆಸರಿಟ್ಟವರು ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್. 1890ರಲ್ಲಿ, ಬಾರ್ಸಿಲೋನಾದಲ್ಲಿದ್ದಾಗ, ಕೋಳಿ ಭ್ರೂಣದ ಬೆನ್ನುಹುರಿಯ ಸೀಳುಗಳಲ್ಲಿ ಆಕ್ಸಾನ್‌ಗಳ ಕೊನೆಗೆ ಶಂಕುವಿನ ಆಕಾರದ ಉಬ್ಬನ್ನು ಕಂಡು ಅದನ್ನು ಬೆಳವಣಿಗೆಯ ಶಂಕು ಎಂದು ಕರೆದರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ್ದ ಬೆಳ್ಳಿಯ ಬಣ್ಣಗಾರಿಕೆ ಅವರ ಕೈಯಲ್ಲಿತ್ತು. ಅದರ ಗುಣ ವಿಚಿತ್ರ. ಕೆಲವೇ ಕೋಶಗಳಿಗೆ ಬಣ್ಣ ಹಿಡಿಯುತ್ತದೆ, ಹಿಡಿದ ಕೋಶ ಮಾತ್ರ ಬುಡದಿಂದ ಕೊನೆಯವರೆಗೆ ಕಪ್ಪಾಗುತ್ತದೆ. ಬೆಳೆದ ಪ್ರಾಣಿಯಲ್ಲಿ ಮಯಲಿನ್ ಅಡ್ಡ ಬಂದು ಆಕ್ಸಾನ್‌ಗೆ ಈ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಕಹಾಲ್ ಭ್ರೂಣಕ್ಕೆ ಇಳಿದದ್ದು ಅದಕ್ಕಾಗಿಯೇ. ಬೆಳ್ಳಿ ಕೂಡಿ ಕಪ್ಪಾಗಿ, ಗಾಜಿನ ನಡುವೆ ಸಿಕ್ಕಿಕೊಂಡ ಸತ್ತ ಎಳೆಯನ್ನು ನೋಡಿ, ಇದು ತೆವಳುತ್ತಿತ್ತು, ತಡಕಾಡುತ್ತಿತ್ತು, ದಾರಿ ಮಾಡಿಕೊಂಡು ಹೋಗುತ್ತಿತ್ತು ಎಂದು ಅವರು ಬರೆದರು. ಎದೆಗಾರಿಕೆ ಎಂದರೆ ಅದು. (1906ರಲ್ಲಿ ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಸೇರಿ ನೊಬೆಲ್ ಬಂತು. ನರಗಳೆಲ್ಲ ಒಂದರೊಳಗೊಂದು ಬೆಸೆದುಕೊಂಡ ಜಾಲ ಎನ್ನುವುದು ಗಾಲ್ಜಿ ಪಕ್ಷ, ಒಂದೊಂದು ಕೋಶವೂ ಬೇರೆ ಎನ್ನುವುದು ಕಹಾಲ್ ಪಕ್ಷ. ಪ್ರಶಸ್ತಿ ಸ್ವೀಕಾರದ ಭಾಷಣದಲ್ಲೂ ಗಾಲ್ಜಿ ತಮ್ಮ ವಾದ ಬಿಡಲಿಲ್ಲ. ನಮ್ಮೂರಿನ ಜಮೀನಿನ ವ್ಯಾಜ್ಯಗಳೇ ವಾಸಿ.)

ಕಹಾಲ್ ಊಹಿಸಿದ್ದನ್ನು ಕಣ್ಣಾರೆ ಕಂಡವರು ಅಮೆರಿಕದ ರಾಸ್ ಹ್ಯಾರಿಸನ್. ಕಪ್ಪೆ ಭ್ರೂಣದ ನರಕೊಳವೆಯ ಚೂರೊಂದನ್ನು ಹೆಪ್ಪುಗಟ್ಟಿದ ದುಗ್ಧರಸದ ಹನಿಯಲ್ಲಿಟ್ಟು, ಗಾಜಿನಿಂದ ತೂಗುಬಿಟ್ಟು, ನೋಡುತ್ತಾ ಕುಳಿತರು. 1907ರಲ್ಲಿ ಪ್ರಕಟವಾದ ಅವರ ವರದಿ ತೀರಾ ಚಿಕ್ಕದು. ಕೋಶದಿಂದ ಎಳೆ ಹೊರಟಿತು, ಅದರ ತುದಿ ಅಮೀಬಾದ ಬಗೆಯಲ್ಲಿ ಚಲಿಸಿತು ಎನ್ನುವುದು ಅದರ ಸಾರ. ಜೀವಕೋಶಗಳನ್ನು ದೇಹದ ಹೊರಗೆ ಸಾಕುವ ಇಡೀ ವಿದ್ಯೆ ಆ ಹನಿಯಿಂದ ಶುರುವಾಯಿತು. ನನಗೆ ಹಿಡಿಸುವುದು 1914ರ ಅವರ ಇನ್ನೊಂದು ಪ್ರಯೋಗ. ದ್ರವದೊಳಗೆ ಜೇಡರ ಬಲೆಯ ಎಳೆಗಳನ್ನು ಕಟ್ಟಿ, ಭ್ರೂಣದ ಕೋಶಗಳು ಆ ಎಳೆಗಳನ್ನು ಹಿಡಿದು ಹೇಗೆ ಉದ್ದಕ್ಕೆ ಸಾಗುತ್ತವೆ ಎಂದು ತೋರಿಸಿದರು. ಹಿಡಿಯಲು ಗಟ್ಟಿಯಾದದ್ದು ಏನಾದರೂ ಬೇಕು, ಸಿಕ್ಕಿದ್ದರ ಆಕಾರಕ್ಕೆ ಕೋಶ ತನ್ನ ಮೈಯನ್ನು ಒಗ್ಗಿಸಿಕೊಳ್ಳುತ್ತದೆ. ನಾನು ಈಗ ಸುತ್ತಿ ಬಳಸಿ ಹೇಳುತ್ತಿರುವುದು ಆ ಜೇಡನ ಎಳೆಯ ಮೇಲೆ ಅಂದೇ ಇತ್ತು.

ರೆಪ್ಪೆಗೂದಲಿನಲ್ಲಿ ಹಿಡಿದದ್ದು

ಬೆಳಕಿನ ಸೂಕ್ಷ್ಮದರ್ಶಕ ಶಂಕುವಿನ ಹೊರಗೆರೆಯನ್ನು ಮಾತ್ರ ತೋರಿಸಬಲ್ಲದು. ಒಳಗೆ ಏನಿದೆ ಎಂದು ತಿಳಿಯಲು ಎಲೆಕ್ಟ್ರಾನ್ ಬೇಕು, ಎಲೆಕ್ಟ್ರಾನ್ ಹಾಯಬೇಕಾದರೆ ಸೀಳು ಕೂದಲಿನ ಸಾವಿರದೊಂದು ಪಾಲಿನಷ್ಟು ತೆಳುವಾಗಿರಬೇಕು. ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದದ್ದು ಈ ಸೀಳುವ ಕೆಲಸ. ಇಲಿ ಮರಿಯ ಮಿದುಳಿನ ಚೂರು ಗ್ಲುಟರಾಲ್ಡಿಹೈಡ್‌ನಲ್ಲಿ ಗಟ್ಟಿಯಾಗಿ, ಆಸ್ಮಿಯಂನಲ್ಲಿ ಕಪ್ಪಾಗಿ, ಕೊನೆಗೆ ರಾಳದ ಅಚ್ಚಿನೊಳಗೆ ಕೂತು ನನ್ನ ಮೇಜಿಗೆ ಬರುತ್ತಿತ್ತು. ಆಸ್ಮಿಯಂನ ಆವಿ ಕಣ್ಣಿಗೆ ತಗಲಿದರೆ ಕಣ್ಣೂ ಕಪ್ಪಾಗುತ್ತದೆ ಎಂದು ಹಿರಿಯರು ದಿನಕ್ಕೊಮ್ಮೆ ಹೆದರಿಸುತ್ತಿದ್ದರು. ಗಾಜಿನ ಪಟ್ಟಿಯನ್ನು ಮುರಿದು ನಾವೇ ಚಾಕು ಮಾಡಿಕೊಳ್ಳುತ್ತಿದ್ದೆವು. ಚಾಕುವಿನ ಅಂಚಿಗೆ ಅಂಟಿಸಿದ ಪುಟ್ಟ ತೊಟ್ಟಿಯಲ್ಲಿ ನೀರು. ಸೀಳುವ ಯಂತ್ರವಾದ ಅಲ್ಟ್ರಾಮೈಕ್ರೋಟೋಮ್‌ನ ತೋಳು ಮೇಲೆ ಕೆಳಗೆ ಆಡಿದಂತೆಲ್ಲ ಒಂದೊಂದು ಸೀಳು ನೀರಿನ ಮೇಲೆ ಜಾರಿ, ಹಿಂದಿನದರ ಬಾಲಕ್ಕೆ ಅಂಟಿಕೊಂಡು, ಪಟ್ಟಿಯಾಗಿ ತೇಲುತ್ತದೆ.

ಆ ಪಟ್ಟಿಯ ಬಣ್ಣವೇ ಅಳತೆ. ನೇರಳೆ ಕಂಡರೆ ದಪ್ಪವಾಯಿತು, ಎಸೆಯಬೇಕು. ಚಿನ್ನದ ಬಣ್ಣ ಬಂದರೆ ಪರವಾಗಿಲ್ಲ. ಬೆಳ್ಳಿಯ ಬಣ್ಣ ಬಂದರೆ 60ರಿಂದ 90 ನ್ಯಾನೊಮೀಟರ್ ಒಳಗಿದೆ, ಅದೇ ಬೇಕಾದದ್ದು. ಆ ತೇಲುವ ಪಟ್ಟಿಯನ್ನು ಸರಿಸಲು ಯಾವ ಇಕ್ಕಳವೂ ಆಗುವುದಿಲ್ಲ. ನನ್ನ ಹಿರಿಯ ಸಹೋದ್ಯೋಗಿ ಕಡ್ಡಿಯೊಂದರ ತುದಿಗೆ ತಮ್ಮ ರೆಪ್ಪೆಯ ಕೂದಲನ್ನೇ ಅಂಟಿಸಿಕೊಂಡಿದ್ದರು. ತಮ್ಮ ಕೂದಲಿನ ಬಾಗು ಸರಿಯಾಗಿದೆ, ನನ್ನದು ನೆಟ್ಟಗಿದೆ, ಅದಕ್ಕೇ ನನ್ನ ಸೀಳುಗಳು ಹರಿಯುತ್ತವೆ ಎನ್ನುವುದು ಅವರ ನಂಬಿಕೆ. ಫ್ಯಾನ್ ಹಾಕುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ, ಪಟ್ಟಿಯ ಹತ್ತಿರ ಉಸಿರು ಬಿಡುವಂತಿಲ್ಲ. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯನ್ನು ನೀರಿಗಿಳಿಸಿ ಪಟ್ಟಿಯನ್ನು ಎತ್ತಿಕೊಂಡ ಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟು ಕಾಫಿಗೆ ಹೋಗುತ್ತಿದ್ದೆವು. ಬೆಂಗಳೂರಿನ ಆ ಕ್ಯಾಂಟೀನ್ ಕಾಫಿಯ ಬಗ್ಗೆ ಚಿಕ್ಕಮಗಳೂರಿನವನಾದ ನಾನು ಏನೂ ಹೇಳದಿರುವುದೇ ಒಳ್ಳೆಯದು.

ಇಷ್ಟಾದ ಮೇಲೆ ಕಾಣುವುದೇನು? ಮೊಬೈಲಿನ ಹಸಿರು ಕೆಂಪುಗಳಿಲ್ಲ. ಬೂದುಬಣ್ಣದ ಗೋಜಲು. ಒಂದಕ್ಕೊಂದು ಒತ್ತಿಕೊಂಡ ನೂರಾರು ಅಂಕುಡೊಂಕು ಆಕೃತಿಗಳು, ನಡುವೆ ಸಂದು ಇದೆಯೋ ಇಲ್ಲವೋ ಎನ್ನುವಷ್ಟು ಕಿರಿದು. ಇದರಲ್ಲಿ ಯಾವುದು ಬೆಳೆಯುವ ತುದಿ ಎಂದು ಗುರುತಿಸಲು ಕೆಲವು ಲಕ್ಷಣಗಳಿವೆ. ಕುತ್ತಿಗೆಯ ಕಡೆ ಮೈಕ್ರೊಟ್ಯೂಬ್ಯೂಲ್‌ಗಳೆಂಬ 25 ನ್ಯಾನೊಮೀಟರ್ ಅಗಲದ ಕೊಳವೆಗಳು ಉದ್ದುದ್ದಕ್ಕೆ ಸಾಗಿರುತ್ತವೆ, ಪಕ್ಕದಲ್ಲಿ ಮೈಟೊಕಾಂಡ್ರಿಯಾಗಳು. ಮುಂದೆ ಜಾಗ ಅಗಲವಾಗುತ್ತದೆ, ಕೊಳವೆಗಳು ಚದುರಿ ಅಲ್ಲಲ್ಲೇ ನಿಲ್ಲುತ್ತವೆ. ನುಣುಪು ಅಂತರ್ದ್ರವ್ಯ ಜಾಲವೆಂಬ ಪೊರೆಯ ಕೊಳವೆಗಳ ಕವಲುಗಳು, ಅವುಗಳ ಸುತ್ತ ವೆಸಿಕಲ್‌ಗಳೆಂಬ ಪೊರೆಯ ಪುಟ್ಟ ಚೀಲಗಳು ಸಿಗುತ್ತವೆ. ಸಂಪರ್ಕ ಏರ್ಪಟ್ಟ ನರದ ಕೊನೆಯಲ್ಲಿರುವ ಚೀಲಗಳು 40-50 ನ್ಯಾನೊಮೀಟರಿನ ಅಚ್ಚುಕಟ್ಟಾದ ಗುಂಡುಗಳು. ಇಲ್ಲಿನವು ಅದರ ಎರಡು ಮೂರು ಪಟ್ಟು ದೊಡ್ಡವು, ಒಳಗೆ ಖಾಲಿ, ಆಕಾರ ಅಡ್ಡಾದಿಡ್ಡಿ. ಇನ್ನೂ ಮುಂದಕ್ಕೆ ಹೋದರೆ ಏನೂ ಇಲ್ಲ. ನಯವಾದ ಬೂದು ಮಾತ್ರ. ಆ 'ಏನೂ ಇಲ್ಲ'ವೇ ಎಲ್ಲಕ್ಕಿಂತ ಮುಖ್ಯವಾದ ಭಾಗ: 7 ನ್ಯಾನೊಮೀಟರ್ ದಪ್ಪದ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡ ಬಲೆ. ಅಲ್ಲಿಗೆ ಚೀಲವಾಗಲಿ ಮೈಟೊಕಾಂಡ್ರಿಯಾ ಆಗಲಿ ಸುಲಭವಾಗಿ ನುಗ್ಗಲಾರವು. ಮೊಬೈಲ್ ಚಿತ್ರದಲ್ಲಿ ಸುತ್ತಲೂ ಚಾಚಿದ್ದ ಎಳೆಗಳು, ಫಿಲೊಪೋಡಿಯಾ, ಇಲ್ಲಿ ಅಡ್ಡಸೀಳಿನಲ್ಲಿ ಸಣ್ಣ ಸೊನ್ನೆಗಳಾಗಿ ಕಾಣುತ್ತವೆ. ಯಾವ ಸೊನ್ನೆ ಯಾರದ್ದು ಎಂದು ಆ ಒಂದು ಸೀಳಿನಿಂದ ಹೇಳಲು ಯಾರಿಗೂ ಸಾಧ್ಯವಿಲ್ಲ.

ಲೆಕ್ಕ ಹಾಕಿ ನೋಡಿ. ತುದಿಯ ಉದ್ದ 7 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್), ಸೀಳಿನ ದಪ್ಪ 70 ನ್ಯಾನೊಮೀಟರ್ ಎಂದರೆ ಒಂದೇ ಒಂದು ತುದಿಯನ್ನು ಪೂರ್ತಿ ಕಾಣಲು ನೂರು ಸೀಳು ಬೇಕು, ಒಂದೂ ಹರಿಯದೆ, ಮಡಚದೆ, ಕಳೆದುಹೋಗದೆ, ಸಾಲಾಗಿ. 1960ರ ದಶಕದ ಕೊನೆಯಿಂದ ಕಿರುಮಿದುಳು, ಬೆನ್ನುಹುರಿ, ಮಿದುಳಿನಲ್ಲಿ ವಾಸನೆ ಗ್ರಹಿಸುವ ಘ್ರಾಣಕಂದಗಳಲ್ಲಿ ಈ ತುದಿಗಳ ಒಳರಚನೆಯನ್ನು ಬಿಡಿಸಿದವರು ಹೀಗೆ ಸೀಳಿನ ಮೇಲೆ ಸೀಳು ಜೋಡಿಸಿಕೊಂಡೇ ಬಿಡಿಸಿದರು. ಈಗ ಯಂತ್ರ ಮಾಡುತ್ತದೆ. ಆಗ ರೆಪ್ಪೆಗೂದಲು ಮಾಡುತ್ತಿತ್ತು.

ಗಾಜಿನ ಮೇಲೆ, ಮಿದುಳಿನ ಒಳಗೆ

ಹಾಗಾದರೆ ಹರಡಿಕೊಂಡ ಚೆಲುವಾದ ತುದಿ ಎಲ್ಲಿಂದ ಬಂತು? ಗಾಜಿನಿಂದ. ಪ್ರಯೋಗಾಲಯದ ತಟ್ಟೆಯಲ್ಲಿ ತುದಿಗೆ ಸಿಗುವುದು ಚಪ್ಪಟೆ ನೆಲ, ಮೇಲೆ ಬರೀ ದ್ರವ. ಅಂಟಿಕೊಳ್ಳಲು ಒಂದೇ ಮೈ. ಆದ್ದರಿಂದ ಅಗಲಕ್ಕೆ ಹರಡುತ್ತದೆ. ಮಿದುಳಿನೊಳಗೆ ಎಲ್ಲ ಕಡೆಯಿಂದಲೂ ನೆರೆಹೊರೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬೇರೆಯವರ ಎಳೆಗಳು. ಅಲ್ಲಿ ತುದಿ ಸಪೂರವಾಗಿ, ಸಂದಿಗೊಂದಿಗಳಿಗೆ ತಕ್ಕಂತೆ ಮೈ ತಿರುಚಿಕೊಂಡಿರುತ್ತದೆ. ಹುಡುಗಿಗೆ ಬಸ್ಸು ಬರುವ ಮುಂಚೆ ಇಷ್ಟು ಹೇಳಬಹುದಿತ್ತು. ಆದರೆ ಇದು ಅರ್ಧ ಉತ್ತರ. ಮಿದುಳಿನೊಳಗೂ ತುದಿ ಎಲ್ಲ ಕಡೆ ಒಂದೇ ತೆರ ಇರುವುದಿಲ್ಲ.

1980ರ ದಶಕದಲ್ಲಿ ಕ್ಯಾರಲ್ ಮೇಸನ್ ಮತ್ತು ಸಂಗಡಿಗರು ಇಲಿ ಭ್ರೂಣದ ಕಣ್ಣಿನಿಂದ ಮಿದುಳಿಗೆ ಹೋಗುವ ಎಳೆಗಳ ಉದ್ದಕ್ಕೂ ತುದಿಗಳನ್ನು ಗಮನಿಸಿದರು. ದೃಷ್ಟಿನರದೊಳಗೆ ನೇರ ದಾರಿಯಲ್ಲಿ ಹೋಗುವಾಗ ತುದಿ ಸಪೂರ, ಚಾಚುಗಳು ಕಡಿಮೆ. ಎರಡೂ ಕಣ್ಣಿನ ನರಗಳು ಸೇರಿ ಅಡ್ಡ ಹಾಯುವ ಜಾಗಕ್ಕೆ ಬಂದಾಗ, ಆಚೆ ದಾಟಬೇಕೋ ಈಚೆಗೇ ತಿರುಗಬೇಕೋ ಎಂದು ತೀರ್ಮಾನವಾಗುವಲ್ಲಿ, ಅದೇ ತುದಿ ಅಗಲವಾಗುತ್ತದೆ, ಚಾಚುಗಳು ಹೆಚ್ಚುತ್ತವೆ. 1994ರಲ್ಲಿ ಅದೇ ಜಾಗವನ್ನು ಜೀವಂತ ಅಂಗಾಂಶದಲ್ಲಿ ನೋಡಿದಾಗ ತುದಿಗಳು ಅಲ್ಲಿ ತುಂಬ ಹೊತ್ತು ನಿಂತು, ಚಾಚಿ, ಎಳೆದುಕೊಂಡು, ಮತ್ತೆ ಚಾಚಿ ಮುಂದೆ ಹೋಗುತ್ತಿದ್ದುದು ಕಂಡಿತು. ಅಂದರೆ ಸೀಳಿನಲ್ಲಿ ಸಿಕ್ಕ ಆಕಾರ ನೋಡಿ ಆ ತುದಿ ನೇರ ದಾರಿಯಲ್ಲಿತ್ತೋ ಕೂಡುದಾರಿಯಲ್ಲಿತ್ತೋ ಎಂದು ಹೇಳಬಹುದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ರುಚಿಯಾದ ಸಂಗತಿ ಇಲ್ಲ.

ಜಾಗ ಎಂದಾಗ ಇನ್ನೊಂದನ್ನು ಸೇರಿಸಬೇಕು. ನಾವು ಅದನ್ನು ನಿಲ್ಲಿಸಿದ ರೀತಿಯೂ ಒಂದು ಜಾಗವೇ. ಗ್ಲುಟರಾಲ್ಡಿಹೈಡ್ ತುದಿಯನ್ನು ಕ್ಷಣಾರ್ಧದಲ್ಲಿ ನಿಲ್ಲಿಸುವುದಿಲ್ಲ. ಅದು ಒಳಗಿಳಿಯುವಷ್ಟು ಹೊತ್ತು ತುದಿಗೆ ಸಾಯಲು ಸಮಯವಿದೆ, ಸಾಯುತ್ತಾ ಒದ್ದಾಡುತ್ತದೆ. ಆರಂಭದ ಚಿತ್ರಗಳಲ್ಲಿ ತುದಿಯ ಅಂಚಿನಲ್ಲಿ ಚೀಲಗಳು ದಿಬ್ಬದ ಹಾಗೆ ಗುಡ್ಡೆಬಿದ್ದಿರುತ್ತಿದ್ದವು. ಹೊಸ ಪೊರೆ ಸೇರುವುದೇ ಇಲ್ಲಿ ಎಂದು ಅದಕ್ಕೆ ಅರ್ಥವನ್ನೂ ಹೇಳಿದ್ದಾಯಿತು. 1970ರ ದಶಕದ ಕೊನೆಗೆ ಕೆಲವರು ಕೂತು ನೋಡಿದರು: ಆ ಗುಡ್ಡೆಗಳಲ್ಲಿ ಹಲವು ದ್ರಾವಣ ಸುರಿದ ಮೇಲೆ ಏಳುವಂಥವು. ಆಮೇಲೆ ತುದಿಯನ್ನು ಮಿಲಿಸೆಕೆಂಡುಗಳಲ್ಲಿ ಹೆಪ್ಪುಗಟ್ಟಿಸುವ ವಿಧಾನ ಬಂತು, ಚಿತ್ರ ಬದಲಾಯಿತು. ನಾವು ಸೀಳಿನಲ್ಲಿ ಕಾಣುತ್ತಿದ್ದ ಆ ಇಕ್ಕಟ್ಟೂ ಪೂರ್ತಿ ನಿಜವಲ್ಲ. ಜೀವಂತ ಮರಿ ಇಲಿಯ ಮಿದುಳಿನ ತೊಗಟೆಯಲ್ಲಿ ಕೋಶಗಳ ನಡುವಿನ ಬಯಲು ಒಟ್ಟು ಗಾತ್ರದ ಸುಮಾರು ಶೇ 40ರಷ್ಟಿರುತ್ತದೆ, ಬೆಳೆದ ಮೇಲೆ ಶೇ 20ಕ್ಕೆ ಇಳಿಯುತ್ತದೆ. ದ್ರಾವಣದಲ್ಲಿ ಗಟ್ಟಿಯಾಗುವಾಗ ಕೋಶಗಳು ಉಬ್ಬಿ ಆ ಬಯಲನ್ನು ನುಂಗಿಬಿಡುತ್ತವೆ. ಬೆಳೆಯುವ ತುದಿ ಓಡಾಡುವುದು ನಾವು ಫೋಟೋದಲ್ಲಿ ಕಂಡದ್ದಕ್ಕಿಂತ ಸಡಿಲವಾದ ಲೋಕದಲ್ಲಿ.

ಮೆಣಸಿನ ಬಳ್ಳಿ

ನಮ್ಮ ಕಡೆಯವರಿಗೆ ಇದನ್ನು ವಿವರಿಸುವಾಗ ಮೆಣಸಿನ ಬಳ್ಳಿ ತಾನಾಗಿ ಬಾಯಿಗೆ ಬರುತ್ತದೆ. ತೋಟದಲ್ಲಿ ಓಡಾಡಿದವರಿಗೆ ಗೊತ್ತು: ಅದೇ ಬಳ್ಳಿ ನೆಲದ ಮೇಲೆ ಹಬ್ಬುವಾಗ ಸಪೂರ, ಗಂಟಿಗೂ ಗಂಟಿಗೂ ದೂರ, ಕಾಯಿಯ ಮಾತಿಲ್ಲ. ಸಿಲ್ವರ್ ಮರವೋ ಹಾಲವಾಣವೋ ಸಿಕ್ಕಿತೆನ್ನಿ, ಗಂಟು ಗಂಟಿನಲ್ಲೂ ಬೇರು ಬಿಟ್ಟು ತೊಗಟೆ ಕಚ್ಚುತ್ತದೆ, ಮೈ ದಪ್ಪವಾಗುತ್ತದೆ, ಪಕ್ಕದ ರೆಂಬೆಗಳು ಬಂದು ಕರೆ (ಕಾಳು ಕಟ್ಟುವ ಗೊನೆ) ಬಿಡುತ್ತವೆ. ಗಿಡ ಒಂದೇ, ರೂಪ ಜಾಗದ್ದು. ಇಲ್ಲಿಯವರೆಗೆ ಹೋಲಿಕೆ ಸಲೀಸು.

ಮುಂದೆ ಕೈಕೊಡುತ್ತದೆ. ಬಳ್ಳಿಯ ಕುಡಿಯಲ್ಲಿ ಕೋಶಗಳು ಒಡೆದು ಹೊಸದಾಗುತ್ತಿರುತ್ತವೆ. ಹಿಡಿದ ಬೇರು ಹಿಡಿದಲ್ಲೇ ಉಳಿಯುತ್ತದೆ. ನರದ ತುದಿಯಲ್ಲಿ ಯಾವ ಕೋಶವೂ ಒಡೆಯುವುದಿಲ್ಲ. ಅದು ಎಲ್ಲೋ ಹಿಂದೆ ಉಳಿದ ಒಂದೇ ಕೋಶದ ಮುಂಗೊನೆ. ಅಲ್ಲಿ ನಡೆಯುವ ಮುಖ್ಯ ವಿದ್ಯಮಾನ ಮುಂದಕ್ಕೆ ಹೋಗುವುದೂ ಅಲ್ಲ, ಹಿಂದಕ್ಕೆ ಜಾರುವುದು. ತುದಿಯ ಅಂಚಿನಲ್ಲಿ ಆಕ್ಟಿನ್ ಎಳೆಗಳು ಕಟ್ಟಿಕೊಳ್ಳುತ್ತಾ, ಕಟ್ಟಿಕೊಂಡದ್ದು ನಿಲ್ಲದೆ ಕೇಂದ್ರದ ಕಡೆಗೆ ಸರಿಯುತ್ತಾ, ಅಲ್ಲಿ ಬಿಚ್ಚಿಹೋಗುತ್ತಾ ಇರುತ್ತವೆ. ಅಪ್ಲೀಸಿಯಾ ಎಂಬ ಸಮುದ್ರದ ಬಸವನಹುಳುವಿನ ದೊಡ್ಡ ತುದಿಗಳಲ್ಲಿ ಫೋರ್ಷರ್ ಮತ್ತು ಸ್ಮಿತ್ ಇದನ್ನು 1988ರಲ್ಲಿ ಬಿಡಿಸಿ ತೋರಿಸಿದರು. ನಿಮಿಷಕ್ಕೆ ಕೆಲವು ಮೈಕ್ರಾನ್ ವೇಗದಲ್ಲಿ ಎಲ್ಲವೂ ಹಿಂದಕ್ಕೆ ಹರಿಯುತ್ತಿರುತ್ತದೆ. ಹೊರಗಿನ ಜಾಗಕ್ಕೆ ಹಿಡಿತ ಸಿಕ್ಕಾಗ ಆ ಹರಿವು ಅಲ್ಲಿ ನಿಧಾನವಾಗುತ್ತದೆ, ಆಗಷ್ಟೇ ತುದಿ ಮುಂದೆ ಸಾಗುತ್ತದೆ, ಹಿಂದಿನಿಂದ ಮೈಕ್ರೊಟ್ಯೂಬ್ಯೂಲ್‌ಗಳು ಬಂದು ಆ ದಾರಿಯನ್ನು ಗಟ್ಟಿ ಮಾಡುತ್ತವೆ. ವಿಜ್ಞಾನಿಗಳು ಇದನ್ನು ಕ್ಲಚ್ ಎನ್ನುತ್ತಾರೆ, ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಾಚುಗಳೇ ತುದಿಯನ್ನು ಎಳೆದುಕೊಂಡು ಹೋಗುತ್ತವೆ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ, ಹಾಗೆ ಅಂದುಕೊಳ್ಳುವುದು ಸಹಜ. ಆದರೆ 1986ರಲ್ಲಿ ಮಿಡತೆಯ ಭ್ರೂಣದ ಕಾಲಿನಲ್ಲಿ, ಸೈಟೊಕಲಾಸಿನ್ ಎಂಬ ವಿಷ ಹಾಕಿ ಚಾಚುಗಳನ್ನು ಇಲ್ಲವಾಗಿಸಿದಾಗ ಆಕ್ಸಾನ್ ಬೆಳೆಯುವುದನ್ನು ಬಿಡಲಿಲ್ಲ. ದಾರಿ ಮಾತ್ರ ತಪ್ಪಿತು. ಹಾಗಾದರೆ ಚಾಚುಗಳು ನಡೆಯುವುದಕ್ಕಲ್ಲ, ಕೇಳುವುದಕ್ಕೆ. ಇದಕ್ಕೂ ಮೀರಿದ್ದು 1987ರ ಕಪ್ಪೆ ಭ್ರೂಣದ ಪ್ರಯೋಗ: ಕಣ್ಣನ್ನು ತೆಗೆದು ಆಕ್ಸಾನ್‌ಗಳನ್ನು ಕೋಶಕಾಯದಿಂದ ಬೇರ್ಪಡಿಸಿದ ಮೇಲೂ ತುದಿಗಳು ಸುಮಾರು ಮೂರು ಗಂಟೆ ಕಾಲ ಸರಿಯಾದ ದಾರಿಯಲ್ಲೇ ಹೋದವು. ಕೋಶಕಾಯದಲ್ಲಿರುವ ಬೀಜಕೇಂದ್ರದಿಂದ ಅಪ್ಪಣೆ ಬರಬೇಕಾಗಿರಲಿಲ್ಲ. ಹಳೆಯ ಎಲೆಕ್ಟ್ರಾನ್ ಚಿತ್ರಗಳಲ್ಲಿ ತುದಿಯಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮ್ ಅಪರೂಪಕ್ಕೆ ಕಂಡರೂ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟಿಲ್ಲ ಎಂದು ಬಿಟ್ಟಿದ್ದರು. 2001ರಲ್ಲಿ ಕ್ಯಾಂಬೆಲ್ ಮತ್ತು ಹೋಲ್ಟ್, ಕತ್ತರಿಸಿ ಬೇರೆ ಮಾಡಿದ ತುದಿಗಳೂ ತಮಗೆ ಬೇಕಾದ ಪ್ರೋಟೀನುಗಳನ್ನು ಅಲ್ಲೇ ತಯಾರಿಸಿಕೊಂಡು ತಿರುಗಬಲ್ಲವು ಎಂದು ತೋರಿಸಿದರು. ಚಿತ್ರದಲ್ಲಿ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ನೂರರಲ್ಲಿ ಒಂದು ಸೀಳು ನೋಡಿ ಹೇಳಿದ ಮಾತಿಗೆ ಅಷ್ಟೇ ಬೆಲೆ.

ಚಿಕ್ಕಪ್ಪನ ಕೈ

ಬಾಳುಪೇಟೆ ಹತ್ತಿರ ನಮ್ಮ ಚಿಕ್ಕಪ್ಪನ ತೋಟ. ಒಂದು ವರ್ಷ ಮೇ ತಿಂಗಳಿನಲ್ಲಿ ಮರಗಸಿ (ನೆರಳಿನ ಮರಗಳ ರೆಂಬೆ ಸವರುವುದು) ಮಾಡಿಸುತ್ತಿದ್ದಾಗ ಆಳುಗಳ ಕೆಲಸ ಸಾಲದೆ ತಾವೇ ಕತ್ತಿ ಹಿಡಿದರು. ರೆಂಬೆ ಜಾರಿ ಕತ್ತಿ ಎಡಗೈಯ ಒಳಮೈಗೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಬಿತ್ತು. ಹಾಸನದ ಆಸ್ಪತ್ರೆಯಲ್ಲಿ ತುಂಡಾದ ನರವನ್ನು ಭೂತಗನ್ನಡಿಯ ಕೆಳಗೆ ಹೊಲಿದು ಜೋಡಿಸಿದರು. ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವ ನರ ಅದು. ಹೊಲಿಗೆ ಹಾಕಿದ ಮಾತ್ರಕ್ಕೆ ಹಳೆಯ ಎಳೆ ಮತ್ತೆ ಕೂಡಿಕೊಳ್ಳುವುದಿಲ್ಲ. ಗಾಯದಿಂದ ಕೆಳಗಿನ ಭಾಗ ಕರಗಿಹೋಗುತ್ತದೆ, ಮೇಲಿನ ತುಂಡಿನಿಂದ ಹೊಸ ತುದಿಗಳು ಹೊರಡಬೇಕು, ಭ್ರೂಣದಲ್ಲಿ ಒಮ್ಮೆ ನಡೆದ ಕೆಲಸವನ್ನು ಅರುವತ್ತರ ಮುದುಕನ ತೋಳಿನಲ್ಲಿ ಎರಡನೆಯ ಸಲ ನಡೆಸಬೇಕು. ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್.

ವೈದ್ಯರು ಪ್ರತಿ ಸಲ ಹೋದಾಗ ಗಾಯದ ಗೆರೆಯಿಂದ ಕೆಳಕ್ಕೆ ಬೆರಳಿನಿಂದ ತಟ್ಟುತ್ತಾ ಬರುತ್ತಿದ್ದರು. ಒಂದು ಕಡೆ ತಟ್ಟಿದಾಗ ಚಿಕ್ಕಪ್ಪ "ಹಾಂ" ಎನ್ನುತ್ತಿದ್ದರು. ಮರಗಟ್ಟಿದ ಕಿರುಬೆರಳಿಗೆ ಕರೆಂಟು ಹೊಡೆದಂತಾಗುತ್ತಿತ್ತು. ಹೊಸ ಎಳೆಗಳ ತುದಿ ಅಲ್ಲಿಯವರೆಗೆ ಬಂದಿದೆ ಎಂದು ಲೆಕ್ಕ. ಫ್ರಾನ್ಸಿನ ಟಿನೆಲ್ ಎಂಬ ವೈದ್ಯರ ಹೆಸರಿನಲ್ಲಿ 1915ರಿಂದ ಬಂದಿರುವ ಪರೀಕ್ಷೆ ಇದು. ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಮಾಡುತ್ತಿದ್ದದ್ದು. ವೈದ್ಯರು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು, ಚಿಕ್ಕಪ್ಪ ಸ್ನಾನ ಮಾಡಿ ಅಳಿಸಿಕೊಂಡು, ಚಿಕ್ಕಮ್ಮನ ಅರಿಶಿನದಲ್ಲಿ ಮತ್ತೆ ಹಾಕಿಸಿಕೊಳ್ಳುತ್ತಿದ್ದರು. ನಾನು ರಜೆಯಲ್ಲಿ ಹೋದಾಗಲೆಲ್ಲ ತಟ್ಟುವ ಕೆಲಸ ನನ್ನದು. ಚರ್ಮದ ಕೆಳಗೆ ಎಲ್ಲೋ ಇರುವ ಆ ತುದಿಯ ಒಳಗೆ ಕೊಳವೆಗಳು, ಚೀಲಗಳು, ಬೂದು ಬಲೆ ಎಲ್ಲವನ್ನೂ ನಾನು ಸೀಳಿನಲ್ಲಿ ಕಂಡಿದ್ದೆ. ಕೈಗೆ ಸಿಕ್ಕಿದ್ದು ಮಾತ್ರ ಅವರ ಆ "ಹಾಂ". ಗೌರಿ ಹಬ್ಬಕ್ಕೆ ಮಣಿಕಟ್ಟು ದಾಟಿತು, ದೀಪಾವಳಿಯ ಹೊತ್ತಿಗೆ ಅಂಗೈಯ ಬುಡಕ್ಕೆ ಬಂದಿತ್ತು.

"ಬೆನ್ನುಹುರಿ ತುಂಡಾದವರಿಗೆ ಹೀಗೆ ಏಕೆ ಬೆಳೆಯುವುದಿಲ್ಲ?" ಎಂದು ಒಮ್ಮೆ ಕೇಳಿದರು. ಮರದಿಂದ ಬಿದ್ದು ಮಲಗಿದಲ್ಲೇ ಇರುವವರು ಊರಿಗೊಬ್ಬರಾದರೂ ಇರುತ್ತಾರೆ, ಚಿಕ್ಕಪ್ಪನಿಗೆ ಅದೇ ಚಿಂತೆ. ಅಲ್ಲೂ ತುದಿಗಳು ಹೊರಡುತ್ತವೆ, ಹೊರಟಲ್ಲೇ ಊದಿಕೊಂಡು ನಿಂತುಬಿಡುತ್ತವೆ. ಕಹಾಲ್ ಆ ಊದಿದ ಕೊನೆಗಳನ್ನೂ ಬರೆದಿಟ್ಟಿದ್ದಾರೆ. ನರದ ಶಕ್ತಿಯೇ ಮುಗಿದಿದೆ ಎಂದು ಜನ ಅಂದುಕೊಂಡಿದ್ದರು. 1981ರಲ್ಲಿ ಕೆನಡಾದ ಡೇವಿಡ್ ಮತ್ತು ಅಗ್ವಾಯೊ, ಇಲಿಯ ಕಾಲಿನ ನರದ ತುಂಡೊಂದನ್ನು ತೆಗೆದು ಮಿದುಳಿನ ಕಾಂಡಕ್ಕೂ ಬೆನ್ನುಹುರಿಗೂ ನಡುವೆ ಸೇತುವೆಯಾಗಿ ಇಟ್ಟರು. ಬೆಳೆಯುವುದಿಲ್ಲ ಎಂದುಕೊಂಡಿದ್ದ ಮಿದುಳಿನ ಆಕ್ಸಾನ್‌ಗಳು ಆ ಸೇತುವೆಯೊಳಗೆ ಸೆಂಟಿಮೀಟರ್‌ಗಟ್ಟಲೆ ಬೆಳೆದವು. ಸೇತುವೆ ಮುಗಿದು ಬೆನ್ನುಹುರಿ ಸಿಕ್ಕಿದೊಡನೆ, ಸ್ವಲ್ಪ ಒಳಹೊಕ್ಕು ನಿಂತವು. ಎಳೆ ಅದೇ, ಜಾಗ ಬೇರೆ. "ಮಣ್ಣು ಸರಿಯಿಲ್ಲ ಅನ್ನು" ಎಂದರು ಚಿಕ್ಕಪ್ಪ.

ಮರುವರ್ಷದ ಹೂಮಳೆಯ ಹೊತ್ತಿಗೆ ಕಿರುಬೆರಳಿಗೆ ಸ್ಪರ್ಶ ಬಂತು. ಕಣ್ಣು ಮುಚ್ಚಿಸಿ ಕಿರುಬೆರಳಿನ ತುದಿಯನ್ನು ಮುಟ್ಟಿ ಯಾವ ಬೆರಳು ಎಂದು ಕೇಳಿದೆ. "ಉಂಗುರದ ಬೆರಳು" ಎಂದರು, ಅನುಮಾನವೇ ಇಲ್ಲದೆ. ಮತ್ತೆ ಮುಟ್ಟಿದೆ, ಅದೇ ಉತ್ತರ. ತೋಳಿನಲ್ಲಿ ಹಳೆಯ ನರ ಬಿಟ್ಟುಹೋದ ಕೊಳವೆಗಳಿವೆ, ಅವು ಹೊಸ ತುದಿಗೆ ದಾರಿ ಕೊಡುತ್ತವೆ. ಭ್ರೂಣದಲ್ಲಿದ್ದ ಕೈಮರಗಳು ಈಗಿಲ್ಲ. ಹೊಲಿಗೆಯ ಜಾಗದಲ್ಲಿ ಯಾವ ತುದಿಗೆ ಯಾವ ಕೊಳವೆ ಸಿಕ್ಕಿತೋ ಅದರಲ್ಲೇ ಹೋಗಬೇಕು. ಉಂಗುರದ ಬೆರಳಿನ ಎಳೆ ಕಿರುಬೆರಳಿನಲ್ಲಿ ಹೋಗಿ ಕೂತಿದೆ, ಮಿದುಳಿನ ಬಳಿ ಇರುವುದು ಹಳೆಯ ವಿಳಾಸ. ಇದನ್ನು ವಿವರಿಸಿದಾಗ ಚಿಕ್ಕಪ್ಪ, "ಹಾಗಿದ್ದರೆ ಉಂಗುರವನ್ನು ಕಿರುಬೆರಳಿಗೆ ಹಾಕಿಕೊಂಡರಾಯಿತು, ಹಾಕಿದಲ್ಲೇ ಇದ್ದಂತಿರುತ್ತದೆ" ಎಂದರು. ನೋಡಿಕೊಂಡು ಮುಟ್ಟುವುದು, ಕಣ್ಣು ಮುಚ್ಚಿ ಮುಟ್ಟುವುದು, ಹೀಗೆ ರೂಢಿ ಮಾಡಿದರೆ ಮಿದುಳು ಹೊಸ ಲೆಕ್ಕ ಕಲಿಯುತ್ತದೆ ಎಂದು ವೈದ್ಯರು ಹೇಳಿದ್ದರಿಂದ ಚಿಕ್ಕಮ್ಮ ಸಂಜೆ ಹೊತ್ತು ಮೊರದಲ್ಲಿ ಕಾಫಿ ಬೀಜ, ಮೆಣಸು, ಗೋಟಡಿಕೆ ಬೆರೆಸಿ ಮುಂದಿಡುತ್ತಿದ್ದರು. ಯಾವುದು ಕಾಫಿ, ಯಾವುದು ಮೆಣಸು ಎಂದು ಈಗ ಕಣ್ಣು ಮುಚ್ಚಿಕೊಂಡೇ ಬೇರ್ಪಡಿಸುತ್ತಾರೆ. ಯಾವ ಬೆರಳಿನಲ್ಲಿ ಹಿಡಿದಿದ್ದೀರಿ ಎಂದು ಕೇಳಿದರೆ ಮಾತ್ರ ಒಂದು ಗಳಿಗೆ ಯೋಚಿಸಿ, ಹತ್ತರಲ್ಲಿ ಮೂರು ಸಲ ತಪ್ಪು ಹೇಳುತ್ತಾರೆ.